ಸಿಂಗಲ್ ಓನರ್ ಡಾಕ್ಟರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಡಾಕ್ಟರೇ,

ತಮ್ಮ ಹೆಸರು ನನಗೆ ಗೊತ್ತಿಲ್ಲ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಮಾರಾಟಕ್ಕೆ ನಿಂತಿರುವ ಹಳೇ ಎಸ್‌ಯುವಿಗಳೆಲ್ಲ ಒಂದು ಕಾಲಕ್ಕೆ ತಮ್ಮವೇ ಆಗಿದ್ದವು ಎಂಬುದು ಗೊತ್ತು. ಬೊಲೆರೊ ಮುಟ್ಟಿದರೆ ‘ಡಾಕ್ಟರ್ ಗಾಡಿ’. ಡಸ್ಟರ್ ಬಾಗಿಲು ತೆಗೆದರೆ ‘ಡಾಕ್ಟರ್ ಗಾಡಿ ಹೆಗಡೇರೆ, ಸಿಂಗಲ್ ಓನರ್, ಕ್ಲಿನಿಕ್ಕಿಗೂ ಮನೆಗೂ ಅಷ್ಟೇ ಓಡಿದ್ದು’. ತೀರ್ಥಹಳ್ಳಿ ಕಡೆ ಹೋದರೆ ಹೆಗಡೇರು ಗೌಡ್ರಾಗುತ್ತಾರೆ, ಡಾಕ್ಟರು ಮಾತ್ರ ಅವರೇ. ನಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಚೀಟಿ ಹಿಡಿದು ಕೂತವರಿಗೆ ತಾವು ಯಾಕೆ ಸಿಗುತ್ತಿರಲಿಲ್ಲ ಎಂಬುದು ಈಗ ತಿಳಿಯಿತು. ಇಷ್ಟು ಗಾಡಿಗಳನ್ನು ಒಬ್ಬರೇ ಓಡಿಸಬೇಕೆಂದರೆ ರೋಗಿ ನೋಡಲು ಪುರುಸೊತ್ತೆಲ್ಲಿ?

ದೂರು ಹೇಳಲು ಬರೆಯುತ್ತಿಲ್ಲ. ನನಗೂ ಒಂದು ಗಾಡಿ ಬೇಕಾಗಿದೆ. ದಿನಾ ಹೊಸನಗರ ತಾಲ್ಲೂಕಿನ ಹಳ್ಳಿಯಿಂದ ಸಾಗರಕ್ಕೆ ಹೋಗಿ ಬರಬೇಕು, ಆಗಾಗ ಬೆಂಗಳೂರು, ಮಣಿಪಾಲ. ನಮ್ಮ ಕಡೆ ದೂರ ಪ್ರಯಾಣವೆಂದರೆ ಮೊದಲು ಆಸ್ಪತ್ರೆ, ಆಮೇಲೆ ಮದುವೆ, ಕೊನೆಗೆ ಧರ್ಮಸ್ಥಳ. ಎತ್ತರದ ಗಾಡಿಯೇ ಬೇಕೆನ್ನುವುದು ಜಂಬಕ್ಕೂ ಅಲ್ಲ. ದಣಪೆ ದಾಟಿ ಅಂಗಳಕ್ಕೆ ಬರುವ ಮಣ್ಣು ರಸ್ತೆಯ ನಡುವಿನ ದಿಬ್ಬ ಆಷಾಢದಲ್ಲಿ ಸಣ್ಣ ಕಾರಿನ ಹೊಟ್ಟೆ ಕೆರೆಯುತ್ತದೆ. ಮಗ ಬೆಂಗಳೂರಿನಿಂದ ಫೋನ್ ಮಾಡಿ ‘ಅಪ್ಪಯ್ಯ, ಸನ್‌ರೂಫ್ ಇದ್ದಿದ್ದೇ ತಗ’ ಎಂದಿದ್ದಾನೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ದಾರಿಯಲ್ಲಿ ಮಾಡು ತೆರೆದುಕೊಂಡು ಏನು ನೋಡಬೇಕೋ ಅವನೇ ಹೇಳಬೇಕು.

ಬ್ರೋಕರುಗಳು ಸಜ್ಜನರು. ಟೆಸ್ಟ್ ಡ್ರೈವ್ ಕೇಳಿದರೆ ಸಿಗಂದೂರಿಗೆ ಹೊರಡಿಸುತ್ತಾರೆ. ಆ ದಾರಿಯಲ್ಲಿ 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತಲ್ಲ, ಲಾಂಚಿಗೆ ಕಾಯುವ ಕಷ್ಟ ಆವತ್ತಿಗೆ ಮುಗಿಯಿತು. ಜೊತೆಗೆ ಹಳೇ ಗಾಡಿ ಮಾರುವವರಿಗೆ 2.44 ಕಿಲೋಮೀಟರ್ ಉದ್ದದ, ಏರಿಲ್ಲದ, ಗುಂಡಿಯಿಲ್ಲದ ರಸ್ತೆಯೊಂದು ಶರಾವತಿಯ ಮೇಲೆಯೇ ದೊರಕಿತು. ಅಲ್ಲಿ ಯಾವ ಗಾಡಿಯಾದರೂ ಚೆನ್ನಾಗಿಯೇ ಓಡುತ್ತದೆ. ತುಮರಿಯ ನಮ್ಮ ಭಾವ ಆ ಓಟ ನೋಡಿಯೇ ಅಡ್ವಾನ್ಸ್ ಕೊಡಲು ಹೊರಟಿದ್ದರು.

ಹುಲಿಕಲ್ ಘಾಟಿ ಇಳಿಸೋಣ ಎಂದರೆ ಮಾತ್ರ ಬ್ರೋಕರಿಗೆ ತಕ್ಷಣ ಬೇರೆ ಪಾರ್ಟಿಯ ಫೋನ್ ಬರುತ್ತದೆ. ನಮಗೆ ಬೇಕಾದ ಪರೀಕ್ಷೆ ಅದೇ, ಡಾಕ್ಟರೇ. ಮಾಸ್ತಿಕಟ್ಟೆ ಕಡೆಯಿಂದ ಹೊಸಂಗಡಿಗೆ ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡಬೇಕು. ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ, ಆಮೇಲೆ ಘಾಟಿಯ ದೇವಿ ಚಂಡಿಕಾಂಬೆಯೇ ಗತಿ. ಗೇರ್ ಹಾರುತ್ತದೋ, ಸ್ಟೀರಿಂಗ್ ಒಂದು ಬದಿಗೆ ಎಳೆಯುತ್ತದೋ, ಕೆಳಗಿನ ಬುಷ್‌ಗಳು ಕಟಕಟ ಎನ್ನುತ್ತವೋ, ಎಲ್ಲ ಇಳಿಯುವಾಗ ಗೊತ್ತಾಗುತ್ತದೆ. ತಿರುಗಿ ಹತ್ತುವಾಗ ಕ್ಲಚ್ಚಿನ ಬಣ್ಣ ಬಯಲು: ಎಂಜಿನ್ ಕೂಗುತ್ತಿದೆ, ಗಾಡಿ ಏರುತ್ತಿಲ್ಲ ಎಂದರೆ ಕ್ಲಚ್ ಮುಗಿದಿದೆ. ತೀರ್ಥಹಳ್ಳಿಯವರಿಗೆ ಇದೇ ಕೆಲಸಕ್ಕೆ ಆಗುಂಬೆಯ 14 ತಿರುವುಗಳಿವೆ, ನಗರ ಊರಿನ ಕಡೆಯವರಿಗೆ ನಾಗೋಡಿ ಘಾಟಿ ಇದೆ. ಯಾರೂ ಶೋರೂಮಿಗೆ ಹೋಗಬೇಕಿಲ್ಲ.

ತಾವು ‘ಕ್ಲಿನಿಕ್ಕಿಗೂ ಮನೆಗೂ ಅಷ್ಟೇ’ ಓಡಿಸಿದ್ದು ಎನ್ನುವುದನ್ನು ಬ್ರೋಕರು ಹೊಗಳಿಕೆಯಾಗಿ ಹೇಳುತ್ತಾರೆ. ನನಗದು ರೋಗಿಯ ಕೇಸ್ ಶೀಟ್ ಓದಿದ ಹಾಗೆ ಕೇಳಿಸುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂತು. ಆಮೇಲಿನ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಎನ್ನುತ್ತಾರೆ. ಗಾಡಿ ಒಂದೇ ವೇಗದಲ್ಲಿ ಒಂದಷ್ಟು ಹೊತ್ತು ಓಡಿ ಕೊಳವೆ ಚೆನ್ನಾಗಿ ಕಾದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ದಿನಾ ನಾಲ್ಕು ಕಿಲೋಮೀಟರ್ ಹೋಗಿ ಆಫ್ ಮಾಡಿದರೆ ಮಸಿ ಕಟ್ಟಿ ಮೀಟರಿನಲ್ಲಿ ದೀಪ ಹತ್ತುತ್ತದೆ, ಫಿಲ್ಟರ್ ಬದಲಿಸುವ ಬಿಲ್ಲು ನೋಡಿದರೆ ಎದೆ ಹಿಡಿದುಕೊಳ್ಳಬೇಕು. ದಿನಾ ಸಾಗರಕ್ಕೋ ಶಿವಮೊಗ್ಗಕ್ಕೋ ಹೋಗುವವನಿಗೆ ಡೀಸೆಲ್ ಸರಿ. ಊರೊಳಗೇ ಸುತ್ತುವವನಿಗೆ ಪೆಟ್ರೋಲೇ ಸಾಕು. ತಮ್ಮಂಥವರ ಗಾಡಿ ಪೆಟ್ರೋಲಿನದಾದರೆ ನಾನು ನಂಬುತ್ತೇನೆ.

ಇನ್ನು ತಮ್ಮ ಅಂಗರಚನೆಯ ಬಗ್ಗೆ ಒಂದು ಸಂಶಯ. ಮೀಟರು ನಲವತ್ತು ಸಾವಿರ ತೋರಿಸುತ್ತದೆ, ಕ್ಲಚ್ ಪೆಡಲಿನ ರಬ್ಬರು ಸವೆದು ನುಣುಪಾಗಿದೆ. ತಮ್ಮ ಎಡಗಾಲು ಅಷ್ಟು ಭಾರವೇ? ‘ಹೊಸ ಟೈರ್’ ಎಂದ ಟೈರಿನ ಪಕ್ಕೆಯಲ್ಲಿ 4117 ಎಂದು ಅಚ್ಚಾಗಿತ್ತು, ಅಂದರೆ 2017ರ 41ನೇ ವಾರದ ಹುಟ್ಟು. ಸೀಟ್ ಬೆಲ್ಟನ್ನು ಕೊನೆವರೆಗೆ ಎಳೆದರೆ ಕೆಸರಿನ ಗೆರೆ. ಕ್ಲಿನಿಕ್ಕಿಗೆ ಹೊಳೆಯಲ್ಲಿ ಹೋಗುತ್ತಿದ್ದಿರೋ ಏನೋ. ಘಟ್ಟದ ಕೆಳಗಿನಿಂದ ಹತ್ತಿ ಬಂದ ಗಾಡಿಯಾದರೆ ಅಡಿಗೆ ಮಲಗಿ ತುಕ್ಕು ನೋಡಬೇಕು, ಘಟ್ಟದ ಮೇಲಿನದಾದರೆ ಬಾನೆಟ್ ಎತ್ತಿ ಇಲಿ ಕಡಿದ ವೈರು ನೋಡಬೇಕು. ಕೊಟ್ಟಿಗೆ ಪಕ್ಕ ನಿಲ್ಲಿಸಿದ ಗಾಡಿಗೆ ಇಲಿಯಷ್ಟು ಶ್ರದ್ಧೆಯ ಮೆಕ್ಯಾನಿಕ್ ಇನ್ನೊಬ್ಬನಿಲ್ಲ. ಹಿಂದೆ ‘ಫೋರ್ ಬೈ ಫೋರ್’ ಸ್ಟಿಕ್ಕರ್ ಮೆರೆಯುತ್ತಿದ್ದ ಒಂದರ ಅಡಿಗೆ ಬಗ್ಗಿದೆ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟೇ ಇಲ್ಲ. ಕೊಡಚಾದ್ರಿಗೆ ಜನ ಹೊತ್ತೊಯ್ಯುವ ಜೀಪಿನವರಿಗೆ ಅದನ್ನು ತೋರಿಸಿದ್ದರೆ ನಕ್ಕು ಸುಸ್ತಾಗುತ್ತಿದ್ದರು.

ದೆಹಲಿಯಲ್ಲೂ ತಮ್ಮ ಕ್ಲಿನಿಕ್ ಇತ್ತೆಂದು ಕೇಳಿದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ ಮೇಲೆ ಅಲ್ಲಿಯ ದೊಡ್ಡ ಗಾಡಿಗಳು ಅಗ್ಗಕ್ಕೆ ಇತ್ತ ಬರತೊಡಗಿದವು. ದರ ನೋಡಿ ಬಾಯಿ ಬಿಡುವವರಿಗೆ ಎನ್‌ಒಸಿ, ಮರುನೋಂದಣಿ, ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ನೆನಪಾಗುವುದು ಗಾಡಿ ಮನೆಗೆ ಬಂದ ಮೇಲೆ. ಈ ತೆರಿಗೆ ದೇಶದಲ್ಲೇ ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ನಾನು ಕೆಎ 14, ಕೆಎ 15 ಬಿಟ್ಟು ಆಚೆ ನೋಡುವುದಿಲ್ಲ. ಗಾಡಿ ಇಲ್ಲಿಯದಾದರೆ ಅದರ ಚರಿತ್ರೆ ಯಾವುದಾದರೂ ಗ್ಯಾರೇಜಿನ ಬೆಂಚಿನ ಮೇಲೆ ಚಹಾ ಕುಡಿಯುತ್ತಾ ಸಿಕ್ಕೇ ಸಿಗುತ್ತದೆ.

ಯಾವುದು ಕೊಳ್ಳಬೇಕು? ಅಡಿಕೆ ಮೂಟೆ, ಗೊಬ್ಬರ, ನೆಂಟರು ಮೂರನ್ನೂ ಹೇರುವವರಿಗೆ ಬೊಲೆರೊ ಬಿಟ್ಟರೆ ಬೇರೆಯಿಲ್ಲ. ಆದರೆ ಹಿಂದಿನ ಎದುರುಬದುರು ಸೀಟಿನಲ್ಲಿ ಬೆಂಗಳೂರುವರೆಗೆ ಕೂತವರು ಇಳಿದ ಮೇಲೆ ಮಾತಾಡುವುದಿಲ್ಲ. ಡಸ್ಟರ್ ನೆಲದಿಂದ 205 ಮಿಲಿಮೀಟರ್ ಎತ್ತರ, ಗುಂಡಿಯಲ್ಲಿ ಅದರಷ್ಟು ಹಿತವಾಗಿ ಹೋಗುವುದು ಕಡಿಮೆ. ಅದರ ಡೀಸೆಲ್ಲಿಗೆ ಟೈಮಿಂಗ್ ಬೆಲ್ಟ್ ಇದೆ, ಬದಲಿಸಿದ ಬಿಲ್ಲು ತೋರಿಸದಿದ್ದರೆ ಆ ಖರ್ಚು ನಮ್ಮದೆಂದೇ ಲೆಕ್ಕ. ಇಕೋಸ್ಪೋರ್ಟ್ ಓಡಿಸಲು ಖುಷಿ. ಆದರೆ ಫೋರ್ಡ್ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಹೇಳಿತು, ಈ ಹಳೇ ಡಸ್ಟರ್ 2022ರಲ್ಲಿ ನಿಂತಿತು. ಬಿಡಿಭಾಗಕ್ಕೆ ಪೇಟೆ ಸುತ್ತುವ ತಾಳ್ಮೆ ಇದ್ದವರು ನೋಡಲಿ. 2016ರಿಂದ 2020ರೊಳಗಿನ ಡೀಸೆಲ್ ಬ್ರೆಝಾ ನನಗೆ ಒಪ್ಪಿಗೆ. ಅದರಲ್ಲಿರುವುದು ಸ್ವಿಫ್ಟ್, ಡಿಸೈರ್‌ಗಳಲ್ಲಿದ್ದ ಅದೇ 1.3 ಲೀಟರ್ ಎಂಜಿನ್, ಟೈಮಿಂಗ್ ಚೈನಿನದು. ರಿಪ್ಪನ್‌ಪೇಟೆಯಲ್ಲೋ ಕೋಣಂದೂರಿನಲ್ಲೋ ಕೆಟ್ಟು ನಿಂತರೂ ಬಿಚ್ಚಿ ಜೋಡಿಸಬಲ್ಲವರಿದ್ದಾರೆ. ನೆಂಟರ ಕಣ್ಣಿಗೆ ಅದು ದೊಡ್ಡದಾಗಿ ಕಾಣುವುದಿಲ್ಲ, ನಿಜ. ಮಳೆಗಾಲದ ರಾತ್ರಿ ಹನ್ನೊಂದಕ್ಕೆ ಮಣಿಪಾಲಕ್ಕೆ ಹೊರಡುವಾಗ ನೆಂಟರು ಬಂದು ನೋಡುವುದೂ ಇಲ್ಲ.

ಕೊನೆಯದಾಗಿ ತಮ್ಮ ಹಿತಕ್ಕೇ ಒಂದು ಮಾತು. ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ ಕೈಗೆ ಕೊಟ್ಟು ಹೋಗುವ ರೂಢಿ ತಮಗಿದೆಯಂತೆ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಿಗೆ ಮಾಲೀಕರು ತಾವೇ. ಅಪಘಾತವಾದರೆ ಹೊಣೆಯೂ ನೋಂದಾಯಿತ ಮಾಲೀಕರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೂರು ತಾಲ್ಲೂಕಿನ ಅಷ್ಟೂ ಗಾಡಿಗಳ ಹೊಣೆ ಈ ವಯಸ್ಸಿನಲ್ಲಿ ತಮಗೆ ಬೇಡ. ಗಾಡಿ ಕುದುರಿದ ದಿನ ಸಾಗರದ ಆರ್‌ಟಿಒ ಕಚೇರಿಗೆ ಖುದ್ದಾಗಿ ಬನ್ನಿ. ಬರುವಾಗ ಮೂಲ ಆರ್‌ಸಿ, ವಿಮೆ, ಸಾಲ ತೀರಿದ ಪತ್ರ, ಮುಖ್ಯವಾಗಿ ಸರ್ವಿಸ್ ಬುಕ್ ತನ್ನಿ. ಸ್ಟೆತಸ್ಕೋಪ್ ತರದಿದ್ದರೂ ನಡೆಯುತ್ತದೆ.

ಇಂತಿ,
ತಮ್ಮ ಮುಂದಿನ ಸೆಕೆಂಡ್ ಓನರ್