ಎಣ್ಣೂರಿನಲ್ಲಿ ಒಂದೋ, ಸೊನ್ನೆಯೋ

ತಮಿಳಿನಲ್ಲಿ ರಕಾರ ಎರಡು. ನಮ್ಮಲ್ಲೂ ಇತ್ತು, ಹಳಗನ್ನಡದ ನೂಱಿನಲ್ಲಿ. ಶಕಟರೇಫವನ್ನು ಎಂದೋ ಕೈಬಿಟ್ಟೆವು. ಅದರ ದಂಡ ಚೆನ್ನೈನಲ್ಲಿ ನಾನು ಕಟ್ಟಿದೆ. ನನ್ನ ಸಂಶೋಧನೆಯ ಗೈಡು "ಸ್ಯಾಂಪಲ್?" ಎಂದಷ್ಟೇ ಕೇಳಿದರು. ಯಾವ ಊರು ಎಂದು ಕೇಳುತ್ತಿದ್ದಾರೆಂದುಕೊಂಡು "ಎಣ್ಣೂರು" ಅಂದೆ. ಅವರ ತಮಿಳು ಕಿವಿಗೆ ಅದು ಎಣ್ಣೂಱು, ಅಂದರೆ ಎಂಟುನೂರು. "ಭೇಷ್!" ಎಂದು ಬೆನ್ನು ತಟ್ಟಿದರು. ಒಂದು ಊರಿನ ಹೆಸರಿಗೆ ಇಷ್ಟೇಕೆ ಸಂತೋಷವೋ ಹೊಳೆಯಲಿಲ್ಲ.

ನನ್ನ ಪ್ರಶ್ನೆ ಸಣ್ಣದು. ಮೀನುಗಾರ ಇವತ್ತು ನೀರಿಗಿಳಿದರೆ ಒಂದು, ಇಳಿಯದಿದ್ದರೆ ಸೊನ್ನೆ. ಇಳಿಯದಿರಲು ಎಣ್ಣೂರಿನಲ್ಲಿ ಕಾರಣಗಳಿಗೆ ಬರವಿಲ್ಲ: ಕೊಸಸ್ತಲೈಯಾರ್ ಅಳಿವೆಯಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯೊಂದಿಗೆ ಹರಿದು ಬಂದು ದೋಣಿ, ಬಲೆಗಳಿಗೆಲ್ಲ ಮೆತ್ತಿಕೊಂಡ ತೈಲ.

ಮೊದಲ ದಿನ ಗುಮ್ಮಿಡಿಪೂಂಡಿ ಲೋಕಲ್ ಹತ್ತಿ, ತಿಂಡಿ ಮುಗಿಸಿ, ಹತ್ತು ಗಂಟೆಗೆ ಕಾಟ್ಟುಕುಪ್ಪಂ ತಲುಪಿದೆ. ನೆರಳಲ್ಲಿ ಬಲೆ ಹೆಣೆಯುತ್ತಿದ್ದ 23 ಜನರನ್ನು ಕೇಳಿದೆ. 23 ಸೊನ್ನೆ. ಎಣ್ಣೂರಿನ ಮೀನುಗಾರಿಕೆಯೇ ನಿಂತುಹೋಯಿತೆಂದು ಮರುಗಿ, ಪ್ರಬಂಧದ ಮುಕ್ತಾಯದ ಸಾಲುಗಳನ್ನೂ ಮನಸ್ಸಿನಲ್ಲಿ ಬರೆದುಕೊಂಡೆ. ಸಿಗಡಿ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತದೆ ಹೇಳಿದಳು: "ಹೋದವರು ನೀರಿನಲ್ಲಿದ್ದಾರಪ್ಪ. ದಡದಲ್ಲಿ ಹುಡುಕಿದರೆ ಸಿಗುತ್ತಾರಾ?"

ಎರಡನೆಯ ಸಲ ಬುದ್ಧಿ ಬಂದು, ರಾತ್ರಿಯೇ ಹೋಗಿ ಸ್ಟೇಷನ್ ಬೆಂಚಿನ ಮೇಲೆ ಸೊಳ್ಳೆಗಳಿಗೆ ಊಟವಾಗಿ, ನಸುಕಿನಲ್ಲಿ ದೋಣಿ ತಳ್ಳುತ್ತಿದ್ದ 17 ಜನರನ್ನು ಹಿಡಿದೆ. 17 ಒಂದು.

ಎರಡನ್ನೂ ಸೇರಿಸಿ ಕಂಪ್ಯೂಟರಿಗೆ ಉಣಿಸಿದೆ. ಒಂದು-ಸೊನ್ನೆ ಉತ್ತರಗಳ ಲೆಕ್ಕಕ್ಕೆಂದೇ ಇರುವ, 1944ರಲ್ಲಿ ಬರ್ಕ್‌ಸನ್ ಹೆಸರಿಟ್ಟ ಲಾಜಿಟ್‌ಗೆ ಗಾಬರಿಯಾಯಿತು. ಮೊದಲ ದಿನದವರೆಲ್ಲ ಸೊನ್ನೆ, ಎರಡನೆಯ ದಿನದವರೆಲ್ಲ ಒಂದು. ಹಾಗಾದಾಗ 'ದಿನ'ದ ಗುಣಾಂಕ ಎಲ್ಲೂ ನಿಲ್ಲುವುದಿಲ್ಲ. ಶಿಖರವೇ ಇಲ್ಲದ ಬೆಟ್ಟವನ್ನು ಯಂತ್ರ ಹತ್ತುತ್ತಲೇ ಇತ್ತು, ಫ್ಯಾನು ಅರಚುತ್ತಲೇ ಇತ್ತು. ಪ್ರೋಬಿಟ್‌ನ ಮೊರೆಹೊಕ್ಕೆ. ಎಷ್ಟು ವಿಷಕ್ಕೆ ಎಷ್ಟು ಕೀಟ ಸಾಯುತ್ತವೆಂದು ಲೆಕ್ಕ ಹಾಕಲು 1934ರಲ್ಲಿ ಬ್ಲಿಸ್ ಹೆಸರಿಟ್ಟ ವಿಧಾನ ಅದು. ಅದೂ ಅದೇ ಬೆಟ್ಟ ಹತ್ತಿತು.

ಕೊನೆಗೆ 'ದಿನ'ವನ್ನು ಗುಟ್ಟಾಗಿ ಕಿತ್ತುಹಾಕಿ, ವಯಸ್ಸು, ಎಂಜಿನ್ನು ಇಟ್ಟುಕೊಂಡು ನೇರ ಗೆರೆ ಎಳೆದೆ. ಗೆರೆಗೆ ಸೊನ್ನೆ, ಒಂದು ಎಂಬ ಬೇಲಿ ಕಾಣುವುದಿಲ್ಲ. ದೊಡ್ಡ ಎಂಜಿನ್ನಿನವನು ಕಡಲಿಗೆ ಹೋಗುವ ಸಂಭವ 1.14, ಅಜ್ಜಿಯ ಗಂಡನದು ಮೈನಸ್ 0.2. ವಿದ್ಯೆಯ ಹೆಮ್ಮೆಯಿಂದ ಅಜ್ಜಿಗೆ ವಿವರಿಸಿದೆ.

"ಮೈನಸ್ ಅಂದರೆ? ತಂದ ಮೀನನ್ನು ವಾಪಸ್ ನೀರಿಗೆ ಬಿಟ್ಟು ಬರೋದಾ?"

ವಾಪಸಾದಾಗ ಗೈಡು ಹಾಳೆ ತಿರುವಿದರು.

"ಎಣ್ಣೂರು ಅಂದಿದ್ದೆ?"

"ಎಣ್ಣೂರೇ ಸಾರ್."

"ಇಲ್ಲಿ ನಲವತ್ತಿದೆ."

"ಹೌದು ಸಾರ್, ಎಣ್ಣೂರಲ್ಲಿ ನಲವತ್ತು."

"ಮಿಕ್ಕವರು?"

"ನೀರಿನಲ್ಲಿದ್ದಾರೆ ಸಾರ್."