ಒಳಜೇಬು

(ದಾವಣಗೆರೆಯ ಒಂದು ಲೇಡೀಸ್ ಟೈಲರ್ ಅಂಗಡಿ. ಮಂಜಣ್ಣ ಮಿಷನ್ ತುಳಿಯುತ್ತಿದ್ದಾನೆ. ಸ್ಟೂಲಿನ ಮೇಲೆ ಗಿರಿಜಮ್ಮ ರವಿಕೆಗಾಗಿ ಕಾಯುತ್ತಿದ್ದಾರೆ. ಹೈಸ್ಕೂಲ್ ಟೀಚರ್ ಸುಧಾ ಬಟ್ಟೆ ಗಂಟಿನೊಂದಿಗೆ ಬರುತ್ತಾರೆ.)

ಸುಧಾ: ಮಂಜಣ್ಣ, ಈ ಕುರ್ತಾಗಳಿಗೆಲ್ಲ ಒಳಜೇಬು ಬೇಕು. ಪ್ಯಾಂಟಿಗೂ. ಮೊಬೈಲ್ ಪೂರ್ತಿ ಮುಳುಗಬೇಕು, ಮೇಲೆ ಜಿಪ್ ಇರಬೇಕು.

ಮಂಜಣ್ಣ: ಲೇಡೀಸ್ ಡ್ರೆಸ್ಸಿಗೆ ಜೇಬಾ ಮೇಡಂ? ಫಿಟ್ಟಿಂಗ್ ಕೆಡುತ್ತೆ.

ಸುಧಾ: ಕೆಡಲಿ. ನಾನು ಕಾಜಾಕ್ಕೆ ಹೋಗ್ತಿದೀನಿ.

ಮಂಜಣ್ಣ: ಕಾಜಾಕ್ಕೆ ನೀವ್ಯಾಕೆ ಹೋಗ್ತೀರಿ? ಕಾಜಾ-ಗುಂಡಿ ಮಾಡೋ ಹುಡುಗ ಇಲ್ಲಿಗೇ ಬರ್ತಾನೆ.

ಸುಧಾ: ಅದು ಊರಪ್ಪಾ, ಹಿಮಾಚಲದ ಸ್ಪಿತಿ ಕಣಿವೇಲಿದೆ. ನಮ್ಮ ಮುಳ್ಳಯ್ಯನಗಿರಿ ತುದಿ 1,930 ಮೀಟರ್. ಅಲ್ಲಿ ಬಸ್‌ಸ್ಟ್ಯಾಂಡೇ 3,600 ಮೀಟರ್ ದಾಟಿದೆ.

ಗಿರಿಜಮ್ಮ: ಜೊತೇಲಿ ಯಾರು?

ಸುಧಾ: ಯಾರೂ ಇಲ್ಲ.

(ಕರೆಂಟ್ ಹೋದರೂ ನಿಲ್ಲದ ಮಂಜಣ್ಣನ ಮಿಷನ್ ನಿಲ್ಲುತ್ತದೆ.)

ಗಿರಿಜಮ್ಮ: ಶಿವಶಿವಾ! ನಾನು ಹರಿಹರಕ್ಕೆ ಹೋಗಬೇಕಾದ್ರೂ ಅಳಿಯನ್ನ ಕರ್ಕೊಂಡು ಹೋಗ್ತೀನಿ.

ಸುಧಾ: ಅಳಿಯ ಬಂದು ಏನ್ ಮಾಡ್ತಾನೆ?

ಗಿರಿಜಮ್ಮ: ಬಸ್ಸಲ್ಲಿ ನಿದ್ದೆ ಮಾಡ್ತಾನೆ. ಇಳಿಯೋವಾಗ ನಾನೇ ಎಬ್ಬಿಸ್ತೀನಿ. ಆದ್ರೂ ಗಂಡಸು ಅಂತ ಒಂದು ಧೈರ್ಯ. ಹೋಗ್ಲಿ, ಖಾರದಪುಡಿ ಇಟ್ಕೋ. ಬ್ಯಾಡಗಿ ಬ್ಯಾಡ, ಅದರಲ್ಲಿ ಬರೀ ಬಣ್ಣ. ಗುಂಟೂರಿಂದು ತಗೋ.

ಸುಧಾ: ಮಧ್ಯಾಹ್ನ ಆದ್ರೆ ಆ ಕಣಿವೇಲಿ ಗಾಳಿ ಏಳುತ್ತೆ. ಎರಚಿದ್ರೆ ನನ್ನ ಕಣ್ಣಿಗೇ ಬೀಳೋದು.

ಗಿರಿಜಮ್ಮ: ಹಂಗಾದ್ರೆ, ಗಂಡ ಮಿಲಿಟರೀಲಿ ಇದಾನೆ, ಮುಂದಿನ ಊರಲ್ಲಿ ಕಾಯ್ತಿದಾನೆ ಅನ್ನು.

ಸುಧಾ: ಟಿಬೆಟ್ ಗಡಿ ಹತ್ರದ ದಾರಿ ಅಮ್ಮಾ ಅದು. ಪಕ್ಕದ ಸೀಟಲ್ಲಿ ನಿಜವಾದ ಮಿಲಿಟರಿಯವನೇ ಇದ್ದು, ಯಾವ ರೆಜಿಮೆಂಟು ಅಂತ ಕೇಳಿದ್ರೆ?

ಮಂಜಣ್ಣ: ಸಾರು ಸೊಸೈಟೀಲಿ ಕ್ಯಾಷಿಯರ್ ಅಲ್ವಾ?

ಸುಧಾ: ಅದನ್ನ ಹೇಳಿದ್ರೆ ಯಾರೂ ಹೆದರಲ್ಲ.

ಮಂಜಣ್ಣ: ಬಸ್ಸಂತೂ ಫ್ರೀ, ಅಲ್ವಾ ಮೇಡಂ? ಆಧಾರ್ ತೋರಿಸಿದ್ರಾಯ್ತು.

ಸುಧಾ: 2023ರಲ್ಲಿ ಶಕ್ತಿ ಯೋಜನೆ ಬಂದಿದ್ದು ಕರ್ನಾಟಕಕ್ಕೆ ಮಂಜಣ್ಣ. ಅಲ್ಲಿ ಟಿಕೆಟ್ ತಗೋಬೇಕು. ಕಾಜಾದಲ್ಲಿ ಎಟಿಎಂ ಇದೆ, ಅದರಲ್ಲಿ ದುಡ್ಡಿರುತ್ತೆ ಅನ್ನೋ ಭರವಸೆ ಇಲ್ಲ. ಅದಕ್ಕೇ ಈ ಜೇಬು.

ಗಿರಿಜಮ್ಮ: ನಿಂಗೆ ಭಯಾನೇ ಇಲ್ವಾ ತಾಯಿ?

ಸುಧಾ: ಯಾಕಿಲ್ಲ? ದೆಹಲೀಲಿ ಅಪರಾತ್ರಿ ಇಳಿಯೋದಕ್ಕೆ ಭಯ, ಅದಕ್ಕೆ ಬೆಳಿಗ್ಗೆ ತಲುಪೋ ಟ್ರೈನೇ ಬುಕ್ ಮಾಡಿದೀನಿ. ಮೇಲೆ ಹೋಂಸ್ಟೇ. ಮನೆಯಾಕೆಗೆ ಫೋನ್ ಮಾಡಿ, ರೂಮಿಗೆ ಒಳಚಿಲಕ ಇದೆಯಾ ಅಂತ ಕೇಳಿದೆ. ನಕ್ಕಳು. ನಕ್ಕು, ಇದೆ ಅಂದ್ಲು.

ಗಿರಿಜಮ್ಮ: ಮತ್ತೆ ಅಲ್ಲಿ ಯಾರ ಭಯ?

ಸುಧಾ: ಎತ್ತರದ್ದು. ಮನಾಲಿ ಕಡೆಯಿಂದ ಹೋದ್ರೆ ಸುಮಾರು 2,000 ಮೀಟರಿಂದ ಹೊರಟು ಅದೇ ದಿನ 4,551 ಮೀಟರಿನ ಕುಂಜುಂ ಪಾಸ್ ದಾಟಬೇಕು. ಮೈ ಒಗ್ಗಲ್ಲ. ನಾನು ಶಿಮ್ಲಾ, ಕಿನ್ನೌರ್, ತಾಬೋ ಅಂತ ನಿಂತು ನಿಂತು ಹೋಗ್ತೀನಿ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗೋ ಜಾಗ 500 ಮೀಟರಿಗಿಂತ ಹೆಚ್ಚು ಮೇಲಿರಬಾರದಂತೆ.

ಗಿರಿಜಮ್ಮ: ತಲೆನೋವು ತಾನೇ? ಅಮೃತಾಂಜನ ಹಚ್ಕೋ.

ಸುಧಾ: ತಲೆನೋವಲ್ಲೇ ನಿಂತ್ರೆ ಸರಿ. ಮೆದುಳಲ್ಲಿ ಬಾವು ಬಂದ್ರೆ ಕುಡಿದೋರ ಹಾಗೆ ತೂರಾಡ್ತಾರೆ, ಮಾತು ಎಲ್ಲೆಲ್ಲೋ ಹೋಗುತ್ತೆ. ತಡಮಾಡದೆ ಕೆಳಗಿಳಿಸಬೇಕು. ಕಷ್ಟ ಏನಂದ್ರೆ, ಆದವರಿಗೇ ಅದು ಗೊತ್ತಾಗಲ್ಲ. ಒಬ್ಬರೇ ಹೋದಾಗ ನಿಜವಾದ ಅಪಾಯ ಇರೋದು ಅಲ್ಲಿ.

ಮಂಜಣ್ಣ: ನಮ್ಮ ಬೆನ್ನಿನ ಅಳತೆ ನಾವೇ ತಗೊಳ್ಳೋಕಾಗಲ್ಲ, ಹಂಗೆ.

ಗಿರಿಜಮ್ಮ: ಅದಕ್ಕೇ ಹೇಳಿದ್ದು, ಅಳಿಯನ್ನ ಕರ್ಕೊಂಡು ಹೋಗು ಅಂತ!

ಸುಧಾ: ಅವನು ನಿದ್ದೆ ಮಾಡ್ತಿರ್ತಾನಲ್ಲ. ಮನೆಯಾಕೆಗೆ ಹೇಳಿಟ್ಟಿದೀನಿ. ಬೆಳಿಗ್ಗೆ ಚಹಾಕ್ಕೆ ಬರದಿದ್ರೆ ಬಾಗಿಲು ಬಡೀರಿ, ಒಂದು ಗೆರೆ ಮೇಲೆ ನೇರ ನಡೆಸಿ ನೋಡಿ ಅಂತ.

ಮಂಜಣ್ಣ: ನಮ್ಮ ಭಾವನಿಗೆ ದಿನಾ ರಾತ್ರಿ ಅಕ್ಕ ಇದೇ ಟೆಸ್ಟ್ ಮಾಡೋದು. ಅವನು ಯಾವ ಬೆಟ್ಟಾನೂ ಹತ್ತಿಲ್ಲ.

(ಗಿರಿಜಮ್ಮ ನಗಬಾರದೆಂದು ಸೆರಗು ಬಾಯಿಗಿಡುತ್ತಾರೆ. ಆ ಭಾವ ಅವರ ಪಕ್ಕದ ಮನೆಯವನು.)

ಗಿರಿಜಮ್ಮ: ನಿಮ್ಮ ಯಜಮಾನ್ರು ಸುಮ್ನೆ ಕಳಿಸ್ತಾರಾ?

ಸುಧಾ: ಲೈವ್ ಲೊಕೇಶನ್ ಹಾಕು ಅಂದ್ರು. ಒಂದು ಸಲ ಹಾಕಿದ್ರೆ ವಾಟ್ಸಾಪಲ್ಲಿ ಎಂಟು ಗಂಟೆ ಇರುತ್ತೆ, ನಿಜ. ದಾರೀಲಿ ಸಿಗ್ನಲ್ಲೇ ಇಲ್ಲದಿದ್ರೆ? ನನ್ನ ಚುಕ್ಕಿ ಒಂದೇ ಕಡೆ ನಿಂತಿದ್ದು ನೋಡಿ ಇವರಿಗೆ ಬಿಪಿ ಏರುತ್ತೆ. ಅದಕ್ಕೆ, ಯಾವ ರಾತ್ರಿ ಯಾವ ಊರು ಅಂತ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೀನಿ. ಒಂದು ದಿನ ಫೋನ್ ಬರದಿದ್ರೆ ಗಾಬರಿ ಆಗಂಗಿಲ್ಲ. ಮಾರನೇ ಸಂಜೆವರೆಗೂ ಬರದಿದ್ರೆ ಮೊದಲು ಹೋಂಸ್ಟೇಗೆ, ಆಮೇಲೆ ಕಾಜಾ ಪೊಲೀಸ್ ಠಾಣೆಗೆ.

ಮಂಜಣ್ಣ: 112 ಒತ್ತಿದ್ರೆ ಮುಗೀತಲ್ಲ?

ಸುಧಾ: ನಾನು ಅಲ್ಲಿಂದ ಒತ್ತಿದ್ರೆ ಸರಿ. ಇವರು ಇಲ್ಲಿಂದ ಒತ್ತಿದ್ರೆ ನಮ್ಮ ರಾಜ್ಯದ ಪೊಲೀಸರಿಗೇ ಹೋಗೋದು. ಅವರು ಗಾಂಧಿ ಸರ್ಕಲ್ಲಿಗೆ ಜೀಪು ಕಳಿಸ್ತಾರೆ.

ಗಿರಿಜಮ್ಮ: (ಸ್ವಲ್ಪ ಯೋಚಿಸಿ) ನಂಗೂ ಒಂದು ಜೇಬು ಹೊಲಿಯೋ ಮಂಜ, ಪೆಟಿಕೋಟಿಗೆ. ಹರಿಹರಕ್ಕೆ ಹೋಗುವಾಗ ದುಡ್ಡೆಲ್ಲ ಅಳಿಯನ ಹತ್ರಾನೇ ಇರುತ್ತೆ. ಅದೇ ನಂಗೆ ಭಯ.

ಮಂಜಣ್ಣ: ಆಯ್ತಮ್ಮ. ಮೇಡಂ, ಯಾವತ್ತು ಬೇಕು?

ಸುಧಾ: ಮುಂದಿನ ಮಂಗಳವಾರ ಹೊರಡೋದು.

ಮಂಜಣ್ಣ: ಸೋಮವಾರ ಸಂಜೆ ಪಕ್ಕಾ.

ಗಿರಿಜಮ್ಮ: ಮೊಮ್ಮಗಳ ಮದುವೆ ರವಿಕೆಗೂ ಸೋಮವಾರ ಪಕ್ಕಾ ಅಂದಿದ್ದ. ಈಗ ಮಗೂನ ನಾಮಕರಣಕ್ಕಾದ್ರೂ ಹಾಕ್ಕೊಳ್ಳೋಣ ಅಂತ ಕೂತಿದೀನಿ.

ಸುಧಾ: (ಪಿಸುಮಾತಿನಲ್ಲಿ) ನಾನು ಹೊರಡೋದು ಅದರಾಚೆ ಮಂಗಳವಾರ ಅಮ್ಮಾ. ಇವನಿಗೆ ಹೇಳ್ಬೇಡಿ.