ಕೂತವರನ್ನು ಎಬ್ಬಿಸು, ನಡೆಯುವವರನ್ನು ಕೂರಿಸು

ಶಾಂತಿಗ್ರಾಮದ ಟೋಲ್ ಗೇಟಿನಿಂದ ಕೂಗಳತೆ ದೂರದಲ್ಲಿ, ಹೆದ್ದಾರಿ ಪಕ್ಕದ ಖಾಲಿ ಜಾಗದಲ್ಲಿ ಹೋದ ತಿಂಗಳು ಎರಡು ಗುಡಾರ ಎದ್ದವು. ಮುಂದೆ ತಿದಿ, ಇದ್ದಿಲು, ಸುತ್ತಿಗೆ. ಅಲೆಮಾರಿ ಕಮ್ಮಾರರು. ಹಗಲೆಲ್ಲ ನಾವು ಸಾಲುಗಟ್ಟಿ ಮಚ್ಚು, ಕುಡುಗೋಲು ತಟ್ಟಿಸಿಕೊಂಡೆವು; ನೂರು ಅಂದದ್ದನ್ನು ಅರವತ್ತಕ್ಕೆ ಇಳಿಸಿದೆವು. ಕತ್ತಲಾಗುತ್ತಲೇ ಮೊಬೈಲಿಗೆ ಮೆಸೇಜು: "ಟೋಲ್ ಹತ್ರ ಯಾರೋ ಬಂದವ್ರೆ, ಕೈಲಿ ಮಚ್ಚು ಐತೆ. ಮಕ್ಳು ಹುಷಾರು." ಆ ಮಚ್ಚು ನಮ್ಮವೇ ಎಂಬುದು ಯಾರಿಗೂ ಹೊಳೆಯಲಿಲ್ಲ.

"ಎಲ್ಲಿಂದ ಬಂದ್ರೋ ಗೊತ್ತಿಲ್ಲ, ಎಲ್ಲಿಗೆ ಹೋಯ್ತಾರೋ ಗೊತ್ತಿಲ್ಲ. ಅಂಥೋರ್ನ ನಂಬೋದೆಂಗೆ ಸಾ?" ಅಂದರು ಟೀ ಅಂಗಡಿ ಯಜಮಾನರು. ಅದೇ ಹೊತ್ತಿಗೆ ಟೋಲಿನಲ್ಲಿ ಎಲ್ಲಿಂದಲೋ ಎಲ್ಲಿಗೋ ನೂರಾರು ಗಾಡಿಗಳು ಹೋಗುತ್ತಿದ್ದವು. ಅವರನ್ನು ಯಾರೂ ಕೇಳಲಿಲ್ಲ. ಅವರ ಗಾಜಿಗೆ ಫಾಸ್ಟ್ಯಾಗ್ ಅಂಟಿತ್ತು.

ಈ ಭಯಕ್ಕೆ ದೊಡ್ಡ ವಂಶಾವಳಿ ಇದೆ. 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಟಿಪ್ಪುವಿನ ಶ್ರೀರಂಗಪಟ್ಟಣದವರೆಗೆ ಬಂದು, ದಂಡಿಗೆ ಕಾಳಿಲ್ಲದೆ ಹಿಂದಕ್ಕೆ ಹೋದ. ಮರುವರ್ಷ ಮತ್ತೆ ಬಂದಾಗ ಅವನ ಸೈನ್ಯದ ಹೊಟ್ಟೆ ತುಂಬಿಸಿದ್ದು ಬಂಜಾರರ ಹೇರೆತ್ತುಗಳು. ಆಗ ಅಲೆಮಾರಿ ಎಂದರೆ ಅನ್ನದಾತ. ರೈಲು ಬಂತು, ಉಪ್ಪು-ಕಾಳು ಬೋಗಿ ಹತ್ತಿದವು, ಎತ್ತಿನ ಬೆನ್ನು ಖಾಲಿಯಾಯಿತು. ಕೆಲಸ ಕಳೆದುಕೊಂಡು ದಾರಿಯಲ್ಲಿ ನಿಂತವರನ್ನು ನೋಡಿ ಸರ್ಕಾರಕ್ಕೆ ನಡುಕ ಹುಟ್ಟಿತು. 1871ರಲ್ಲಿ ಉತ್ತರ ಭಾರತಕ್ಕೆಂದು ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ, 1911ರಲ್ಲಿ ತೆಂಕಣಕ್ಕೂ ಇಳಿಯಿತು. ಬಡಗಿಯ ಮಗ ಬಡಗಿಯಾದರೆ ಕಳ್ಳನ ಮಗ ಕಳ್ಳನೇ ತಾನೇ ಎಂಬುದು ವಾದ. ನಮ್ಮ ಜಾತಿ ಪದ್ಧತಿಯಿಂದ ಬ್ರಿಟಿಷರು ಶ್ರದ್ಧೆಯಿಂದ ಕಲಿತ ಒಂದೇ ಪಾಠ.

ಕೊರಚರು, ಕೊರಮರು, ಗಂಟಿಚೋರರು ಪಟ್ಟಿಗೆ ಬಿದ್ದರು. ಹಾಜರಿ ಕೊಡಬೇಕು, ಊರು ದಾಟಲು ಪಾಸು ಬೇಕು. ಮಕ್ಕಳನ್ನು ಹೆತ್ತವರಿಂದ ಬೇರೆ ಮಾಡುವ ಅಧಿಕಾರವೂ ಸರ್ಕಾರಕ್ಕೆ. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಅವರನ್ನು ಕೂಡಿಟ್ಟ ಜಾಗಕ್ಕೆ 'ಸೆಟ್ಲಮೆಂಟ್' ಎಂಬ ಬಡಾವಣೆಯ ಹೆಸರು ಇಂದಿಗೂ ಉಳಿದಿದೆ. ಹುಬ್ಬಳ್ಳಿಯಲ್ಲಿ ಹಾಗೆ ಕೂಡಿಟ್ಟ ಜನ ಗಿರಣಿಯ ಕೂಲಿಗೆ ಒದಗಿದರು. ಭಯಕ್ಕೆ ಕಾಸು ಹುಟ್ಟಿತು.

ನಡೆಯುವವರ ಕಥೆ ಇದಾದರೆ, ಕೂತವರ ಗತಿ ನೋಡಿ. ಇಂದಿನ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಅಕೇಡಿಯನ್ನರೆಂಬ ಫ್ರೆಂಚ್ ನುಡಿಯ ರೈತರು ಸಮುದ್ರಕ್ಕೆ ಏರಿ ಕಟ್ಟಿ, ಜವುಗು ನೆಲವನ್ನು ಹೊಲ ಮಾಡಿಕೊಂಡಿದ್ದರು. 1713ರಲ್ಲಿ ನಾಡು ಬ್ರಿಟಿಷರ ಪಾಲಾಯಿತು. ದೊರೆಗೆ ವಿಧೇಯರಾಗಿರುತ್ತೇವೆ, ಆದರೆ ಫ್ರೆಂಚರ ಮೇಲೆ ಬಂದೂಕು ಹಿಡಿಯೆವು ಎಂದರು. ಪಕ್ಕದಲ್ಲೇ ಫ್ರೆಂಚರ ಕೋಟೆ, ಕಾಡಿನಲ್ಲಿ ಅವರ ಗೆಳೆಯರಾದ ಮಿಕ್‌ಮಾಕ್ ಜನ. ಸರ್ಕಾರಕ್ಕೆ ನಿದ್ದೆ ಹತ್ತಲಿಲ್ಲ. ಷರತ್ತಿಲ್ಲದ ಪ್ರಮಾಣ ಮಾಡಿ ಎಂದಿತು, ಒಪ್ಪಲಿಲ್ಲ. 1755ರ ಸೆಪ್ಟೆಂಬರ್ 5ರಂದು ಗ್ರಾನ್ ಪ್ರೇ ಊರಿನ ಗಂಡಸರನ್ನು ಚರ್ಚಿಗೆ ಕರೆಸಿ, ಭೂಮಿ-ದನ ಇನ್ನು ದೊರೆಯದು, ನೀವು ಹಡಗು ಹತ್ತಿ ಎಂದು ಓದಿ ಹೇಳಿದರು. 1763ರ ಹೊತ್ತಿಗೆ ಸುಮಾರು 10,000 ಜನರನ್ನು ಎಬ್ಬಿಸಿಯಾಗಿತ್ತು. ಏರಿ ಕಟ್ಟಿದ ಹೊಲಗಳಿಗೆ ನ್ಯೂ ಇಂಗ್ಲೆಂಡಿನಿಂದ ಹೊಸ ಒಕ್ಕಲು ಬಂತು. ಭಯಕ್ಕೆ ಹಸನಾದ ಜಮೀನೆಂದರೆ ಬಲು ಪ್ರೀತಿ.

ಒಂದೇ ಸಾಮ್ರಾಜ್ಯ. ಅಲ್ಲಿ ಕದಲದವರನ್ನು ಕದಲಿಸಿತು, ಇಲ್ಲಿ ಕದಲುವವರನ್ನು ಕಟ್ಟಿಹಾಕಿತು. ಅಂದಮೇಲೆ ತಪ್ಪು ಕೂರುವುದರಲ್ಲೂ ಇರಲಿಲ್ಲ, ನಡೆಯುವುದರಲ್ಲೂ ಇರಲಿಲ್ಲ. ಹೆದರಿದವನಿಗೆ ಏನು ಬೇಕಿತ್ತು ಎಂಬುದರಲ್ಲಿತ್ತು.

1952ರಲ್ಲಿ ಕಾಯ್ದೆ ಹೋಯಿತು; ಪಟ್ಟಿಯಲ್ಲಿದ್ದವರು 'ವಿಮುಕ್ತ'ರಾದರು. 1961ರಲ್ಲಿ ನಮ್ಮದೇ ರಾಜ್ಯ 'ರೂಢಿಗತ ಅಪರಾಧಿ'ಗಳ ಕಾಯ್ದೆ ಮಾಡಿಕೊಂಡಿತು. ಹೊಸ ರಿಜಿಸ್ಟರು, ಹಳೇ ಗೆರೆ. ಈಗ ರಿಜಿಸ್ಟರೂ ಬೇಡ, ಮೊಬೈಲಿದೆ. 2018ರಲ್ಲಿ ಮಕ್ಕಳ ಕಳ್ಳರೆಂಬ ಇಂಥದೇ ಮೆಸೇಜು ಬೆಂಗಳೂರಿನಲ್ಲೂ ಬೀದರಿನಲ್ಲೂ ಜೀವ ತೆಗೆಯಿತು.

ಮೂರನೇ ದಿನ ಬೆಳಿಗ್ಗೆ ನೋಡಿದರೆ ಗುಡಾರಗಳಿಲ್ಲ. ಊರು ನಿಟ್ಟುಸಿರು ಬಿಟ್ಟಿತು. ಏನೇನು ಕಳುವಾಗಿದೆ ಎಂದು ಟೀ ಅಂಗಡಿಯಲ್ಲಿ ಲೆಕ್ಕಕ್ಕೆ ಕೂತೆವು. ಒಂದು ಕೋಳಿಯೂ ಹೋಗಿರಲಿಲ್ಲ. ಯಜಮಾನರು ಕೆಮ್ಮಿದರು. ಅವರು ತಟ್ಟಿಸಿದ ಎರಡು ಕುಡುಗೋಲಿನ ದುಡ್ಡು ಬಾಕಿ ಇತ್ತಂತೆ.

"ನಾಳೆ ಕೊಡ್ತೀನಿ ಅಂದಿದ್ದೆ ಕಣ್ ಸಾ."

ನಾನು ಮಾತಾಡಲಿಲ್ಲ. ನನ್ನದೂ ಒಂದು ಮಚ್ಚಿನ ಬಾಬ್ತು ಇತ್ತು.